ಖಾಲಿ ಶೀಶೆಯಲ್ಲಿ ನಾನೂರ ಹದಿಮೂರು

ಮಗಳ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಒಂದು ಜಡೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಪ್ರಯೋಗಾಲಯದ ಹಿರಿಯರು, ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು.

"ಸ್ವಲ್ಪ ಬೇಗ ಬರ್ತೀಯೇನಮ್ಮ? ಖಾಲಿ ಶೀಶೇಲಿ ಮತ್ತೆ ನಾನೂರ ಹದಿಮೂರು ಬಂದಿದೆ."

"ಶೀಶೆ ಸರಿಯಾಗಿ ತೊಳೆದಿಲ್ವೇನೋ ಸರ್."

"ಹೊಸ ಶೀಶೆ, ಹೊಸ ದ್ರಾವಕ. ನಾನು ತುಂಬಿಟ್ಟವು ಚೊಕ್ಕವಾಗಿವೆ. ದೆವ್ವ ಮೆಟ್ಟಿಕೊಂಡಿರೋದು ನೀನು ತುಂಬಿದವಕ್ಕೆ ಮಾತ್ರ." ಮೇಷ್ಟ್ರು ನಕ್ಕರು. ಅವಳಿಗೆ ನಗು ಬರಲಿಲ್ಲ.

ಗುಬ್ಬಿ ಅಲ್ಲಾಡದೆ ಕೂತಿದ್ದಳು. ತಿಂಗಳ ಹಿಂದೆಯಾಗಿದ್ದರೆ ಅಮ್ಮ ಫೋನು ಎತ್ತಿದ್ದೇ ತಡ, ಒಂಟಿ ಜಡೆಯಲ್ಲೇ ಓಡಿಹೋಗುತ್ತಿದ್ದ ಹುಡುಗಿ. ಈಗ ಹತ್ತು ದಿನದಿಂದ ನೆಂಟರ ಮನೆಗೆ ಬಂದವಳ ಹಾಗೆ ಮಂಡಿ ಜೋಡಿಸಿ ಕೂರುತ್ತಾಳೆ. ಜಡೆ ಮುಗಿದ ಮೇಲೆ ಮೆಲ್ಲಗೆ ಥ್ಯಾಂಕ್ಸ್ ಎನ್ನುತ್ತಾಳೆ. ಅಮ್ಮ ಹೋದಲ್ಲೆಲ್ಲ ಕಣ್ಣು ಹಿಂಬಾಲಿಸುತ್ತದೆ. ತುಟಿ ಏನೋ ಕೇಳುವಂತೆ ತೆರೆಯುತ್ತದೆ, ಮುಚ್ಚಿಕೊಳ್ಳುತ್ತದೆ.

"ಏನು ಗುಬ್ಬಿ? ಹೇಳು."

"ಏನಿಲ್ಲ."

"ದೊಡ್ಡೋಳಾಗ್ತಿದಾಳೆ, ಬಿಡು," ಎಂದರು ಅಡುಗೆಮನೆಯಿಂದ ಅತ್ತೆ. "ನಿನ್ನ ಗಂಡನಿಗೆ ನಲವತ್ತಾದ್ರೂ ಬರದ ಬುದ್ಧಿ ಇವಳಿಗೆ ಏಳಕ್ಕೇ ಬಂತು."

ಡಾಕ್ಟರರೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು. ಆದರೂ ಅವಳಿಗೆ ಸಮಾಧಾನವಿರಲಿಲ್ಲ. ಮಗು ಎದುರಿಗೇ ಇದೆ, ಆದರೆ ದಿನದಿನಕ್ಕೂ ಎಲ್ಲಿಗೋ ದೂರ ಹೋಗುತ್ತಿದೆ.

ಅವಳ ಕೆಲಸ ಒಂದು ಬೇರಿನದು. ಬೇರನ್ನು ಪುಡಿ ಮಾಡಿ ದ್ರಾವಕದಲ್ಲಿ ನೆನೆಸಿ, ಬಿಳಿ ಪುಡಿ ತುಂಬಿದ ಉದ್ದನೆಯ ಗಾಜಿನ ಕೊಳವೆಯಲ್ಲಿ ಇಳಿಯಬಿಡುವುದು. ಕೆಳಗೆ ತೊಟ್ಟಿಕ್ಕುವುದನ್ನು ಸಾಲು ಶೀಶೆಗಳಲ್ಲಿ ಹಿಡಿಯುವುದು. ಯಾವುದರಲ್ಲಿ ಏನಿದೆ ಎಂದು ಕಣ್ಣಿಗೆ ತಿಳಿಯದು. ಅದಕ್ಕೇ ಒಂದೊಂದರಿಂದಲೂ ಚೂರು ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡಬೇಕು. ಅದು ಕಣಗಳ ತೂಕ ನೋಡಿ, ತೂಕಕ್ಕೊಂದು ಗೆರೆ ಎಳೆದು ತೋರಿಸುತ್ತದೆ. ಬೇರೆ ಗೆರೆಗಳೆಲ್ಲ ಕರಗುತ್ತ ಬಂದು ನಾನೂರ ಹದಿಮೂರರದೊಂದೇ ಉಳಿದರೆ ಶುದ್ಧವಾಯಿತೆಂದು ಲೆಕ್ಕ. ಹೋಲಿಕೆಗೆಂದು ಬರೀ ದ್ರಾವಕ ತುಂಬಿಡುವ 'ಖಾಲಿ' ಶೀಶೆಯಲ್ಲಿ ಆ ಗೆರೆ ಬರಲೇಬಾರದು.

ಆ ವಸ್ತು ತಿಂದ ಇಲಿಗಳು ಚೆನ್ನಾಗಿಯೇ ಓಡಾಡಿದ್ದವು, ಚೆನ್ನಾಗಿಯೇ ತಿಂದಿದ್ದವು. ತಮ್ಮ ಗೂಡಿನ ಬಾಯಿಗೆ ಬಂದಾಗ ಮಾತ್ರ ಮೂಸಿ ನೋಡಿ, ಬೇರೆಯವರದೆಂಬಂತೆ ಹಿಂದಿರುಗಿದ್ದವು. ಕೊಡುವುದು ನಿಲ್ಲಿಸಿದ ಮೇಲೆ ಕೆಲವು ಮತ್ತೆ ಗೂಡು ಸೇರಿದವು. ಕೆಲವು ಸೇರಲಿಲ್ಲ.

"ಕೈ ತೋರಿಸು," ಎಂದರು ಮೇಷ್ಟ್ರು, ಅವಳು ಬಂದು ನಿಲ್ಲುತ್ತಿದ್ದಂತೆಯೇ.

"ಇವತ್ತು ಬೇರು ಮುಟ್ಟೇ ಇಲ್ಲ ಸರ್. ಮುಟ್ಟಿದಾಗ್ಲೂ ಗ್ಲೌಸ್ ಇರತ್ತೆ."

"ಗ್ಲೌಸ್ ಹಾಕ್ಕೊಳ್ಳೋದು ಬರಿಗೈಲೇ ಅಲ್ವೇನಮ್ಮ?"

ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಅವಳ ಬೆರಳ ತುದಿಗಳನ್ನು ಒರೆಸಿ, ಆ ಹತ್ತಿಯನ್ನು ಶೀಶೆಯಲ್ಲಿ ಕಲಕಿ, ತಿಳಿಯನ್ನು ಯಂತ್ರಕ್ಕೆ ಕೊಟ್ಟರು. ಪಂಪು ಗುಂಯ್ ಎನ್ನುತ್ತಿತ್ತು. ಪರದೆಯ ಮೇಲೆ ನಾನೂರ ಹದಿಮೂರರ ಗೆರೆ ಎದ್ದಿತು, ಏರಿತು, ಮೇಲಿನ ಅಂಚಿಗೆ ಹೋಗಿ ನಿಂತಿತು. ಅಕ್ಕಪಕ್ಕ ಹೆಚ್ಚೇನೂ ಇರಲಿಲ್ಲ. ತಿಂಗಳುಗಟ್ಟಲೆ ಸೋಸಿದರೂ ಅಷ್ಟು ಒಂಟಿಯಾದ ಗೆರೆ ಅವಳು ಕಂಡಿರಲಿಲ್ಲ.

"ಬೆಳಿಗ್ಗೆಯಿಂದ ಏನೇನು ಮುಟ್ಟಿದೀಯ, ನೆನಪು ಮಾಡ್ಕೋ."

ಬಾಚಣಿಗೆ. ಫೋನು. ಎಣ್ಣೆ.

ಎಣ್ಣೆಯ ಶೀಶೆ ಎರಡು ವಾರದ ಹಿಂದೆ ಇಲ್ಲಿಂದಲೇ ಹೋದದ್ದು, ಸೋಸಿದ ಬೇರಿನ ಸತ್ವ ಇಟ್ಟಿದ್ದ ಶೀಶೆ. ಖಾಲಿಯಾದ ಕಂದು ಶೀಶೆಗಳನ್ನು ಇಲ್ಲಿ ಯಾರೂ ಎಸೆಯುವುದಿಲ್ಲ. ಮುಚ್ಚಳ ಗಟ್ಟಿ, ಬೆಳಕು ಒಳಗೆ ಬಾರದು, ಎಣ್ಣೆ ಕಮಟುವುದಿಲ್ಲ. ಬಿಸಿನೀರಲ್ಲಿ ಏಳು ಸಲ ಗಲಬರಿಸಿ ಮನೆಗೊಯ್ಯುವುದು ಹಳೆಯ ರೂಢಿ. ಅವಳೂ ಏಳು ಸಲ ಎಣಿಸಿಯೇ ಗಲಬರಿಸಿದ್ದಳು.

ಅವಳ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಅವಳದೇ ಅಕ್ಷರದಲ್ಲಿತ್ತು: ನೀರಿನಲ್ಲಿ ಕರಗದು. ಎಣ್ಣೆಯಲ್ಲಿ ತಕ್ಷಣ ಕರಗುತ್ತದೆ.

"ಎಣ್ಣೆ," ಎಂದಳು.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಯಾರ ತಲೆಗೆ ಹಚ್ತಿದ್ದೆ?"

ಎರಡು ಉಸಿರಿನಷ್ಟು ಹೊತ್ತು ಅವಳಿಗೆ ಉತ್ತರ ಹೊಳೆಯಲಿಲ್ಲ. ಒಂದು ಪುಟ್ಟ ತಲೆ, ಬೈತಲೆ, ಬೆಚ್ಚಗಿನ ಕೂದಲು. ಯಾರದು?

"ಮಗಳ ತಲೆಗೆ," ಎಂದಳು ಕೊನೆಗೆ.

"ಓಡು. ತಲೆ ತೊಳಿ, ನಿನ್ನ ಕೈನೂ ತೊಳಿ. ಡಾಕ್ಟರ್ ಕರ್ಕೊಂಡು ನಾನು ಹಿಂದೇನೇ ಬರ್ತೀನಿ."

ಶಾಲೆಯಿಂದ ಕರೆತಂದ ಮಗಳನ್ನು ಬಚ್ಚಲಲ್ಲಿ ಕೂರಿಸಿ ನಾಲ್ಕು ಸಲ ಸೋಪು ಹಚ್ಚಿ ತೊಳೆದಳು. ನೊರೆ ಕಣ್ಣಿಗಿಳಿದರೂ ಗುಬ್ಬಿ ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ಹೊರಗೆ ಮಟಮಟ ಮಧ್ಯಾಹ್ನ. ಅವಳು ಟವೆಲು ಸುತ್ತಿ, ಮಂಡಿಯೂರಿ, ಮಗಳ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಗುಬ್ಬಿ, ಏನೋ ಕೇಳ್ಬೇಕು ಅಂತಿದ್ಯಲ್ಲ. ಕೇಳು ಕಂದ. ನಾನು ಬೈಯಲ್ಲ."

ಹತ್ತು ದಿನದಿಂದ ತೆರೆದು ಮುಚ್ಚುತ್ತಿದ್ದ ತುಟಿಗಳು ತೆರೆದವು. ಬಾಗಿಲ ಕಡೆ ಒಮ್ಮೆ ನೋಡಿ, ಎದುರಿಗಿದ್ದವರ ಮನಸ್ಸು ನೋಯದ ಹಾಗೆ ಮೆಲ್ಲಗೆ ಕೇಳಿದಳು:

"ನೀವು ತುಂಬ ಚೆನ್ನಾಗಿ ನೋಡ್ಕೋತೀರ, ಆಂಟಿ. ಆದ್ರೆ ನಮ್ಮಮ್ಮ ಯಾವಾಗ ಬರ್ತಾಳೆ?"