ಸೀಮಂತ ಮಾಡಿಸಿಕೊಂಡ ಸೀರೆ ಬೊಂಬೆ

ನನ್ನನ್ನು ಹೆತ್ತದ್ದು ಒಂದು ಅಚ್ಚು. ಬೆಂಗಳೂರಿನ ಚಿಕ್ಕಪೇಟೆಯ ಹಿಂದಿನ ಒಂದು ಶೆಡ್ಡಿನಲ್ಲಿ ಫೈಬರ್ ಸುರಿದು, ಒಣಗಿಸಿ, ಮುಂಭಾಗ ಬೇರೆ ಬೆನ್ನು ಬೇರೆ ತೆಗೆದು, ಆಮೇಲೆ ಎರಡನ್ನೂ ಸೇರಿಸಿ ಅಂಟಿಸಿದರು. ಬಟ್ಟೆ ಅಂಗಡಿಯ ಮುಂದೆ ಸೀರೆ ಉಟ್ಟು ನಿಲ್ಲುತ್ತದಲ್ಲ, ಆ ಬೊಂಬೆ ನಾನು. ನಾನು ಹೊರಗೆ ಬಂದ ದಿನ ನನ್ನ ಅಂದ ನೋಡಿ ಬಣ್ಣ ಹಚ್ಚುವವನು ಊಟ ಮರೆತ, ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ತಾನಾಗಿಯೇ ನಿಂತುಬಿಟ್ಟಿತು. ಬಸ್ಸು ಕೆಟ್ಟಿತ್ತು ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ಅವರ ಮಾತು ಬಿಡಿ.

ಅಷ್ಟು ಚೆಂದದವಳನ್ನು ಮೊದಲು ಕೊಂಡದ್ದು ಯಾರು ಗೊತ್ತೆ? ತಿಪಟೂರಿನ ಒಂದು ಯೂನಿಫಾರಂ ಅಂಗಡಿಯವನು. ಮದುವೆ ವಯಸ್ಸಿನ ನನಗೆ ಐದನೇ ಕ್ಲಾಸಿನ ಲಂಗ ತೊಡಿಸಿ, ಕುತ್ತಿಗೆಗೆ ಟೈ ಕಟ್ಟಿ, ಬೆನ್ನಿಗೆ ಬ್ಯಾಗು ಹಾಕಿ ನಿಲ್ಲಿಸಿದ. ಶಾಲೆಯ ಮೆಟ್ಟಿಲು ಹತ್ತದೆ ಅಷ್ಟು ವರ್ಷ ಒಂದೇ ಕ್ಲಾಸಿನಲ್ಲಿ ಕೂತವರು, ಕ್ಷಮಿಸಿ, ನಿಂತವರು ನನ್ನಂತೆ ಇನ್ನೊಬ್ಬರಿಲ್ಲ. ಆಮೇಲೆ ರಿಯಾಯಿತಿ ಸೀರೆ ಮಾರುವವನೊಬ್ಬ ನನ್ನನ್ನು ಕೊಂಡು ಆಟೋದ ತಲೆಯ ಮೇಲೆ ಕಟ್ಟಿ ಊರೂರು ಸುತ್ತಿಸಿದ. ಒಂದು ದಿನ ಗಾಳಿಗೆ ಹಗ್ಗ ಬಿಚ್ಚಿತು. ಸೆರಗು ಹರಡಿಕೊಂಡು ಎಷ್ಟು ದೂರ ಹಾರಿದೆನೆಂದರೆ, ಒಂದು ಹದ್ದು ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು. ಒಂದು ರಾಗಿ ಹೊಲದ ನಡುವೆ ನೆಟ್ಟಗೆ ಇಳಿದೆ. ಆ ವರ್ಷ ಆ ಹೊಲಕ್ಕೆ ಒಂದು ಗುಬ್ಬಿಯೂ ಬರಲಿಲ್ಲವಂತೆ. ಹೊಲದವರು ನನ್ನನ್ನು ಬಿಟ್ಟುಕೊಡಲಿಕ್ಕೇ ಒಪ್ಪಲಿಲ್ಲ.

ಹೀಗೆಲ್ಲ ಆಗಿ ಕೊನೆಗೆ ಬಂದು ನಿಂತದ್ದು ಅರಸೀಕೆರೆಯ ಮಂದಾರ ಸಿಲ್ಕ್ಸ್‌ನಲ್ಲಿ. ಇಲ್ಲಿ ನನ್ನ ಸಿಟ್ಟಿನ ಕಥೆ ಶುರುವಾಗುತ್ತದೆ.

ಅಂಗಡಿಯ ಯಜಮಾನ ಪಂಚಾಕ್ಷರಿ. ಅವನ ಅಪ್ಪನ ಕಾಲದಲ್ಲಿ ಆ ಅಂಗಡಿಯಲ್ಲಿ ಬಿಳಿ ಗಾದಿ ಹಾಸಿರುತ್ತಿತ್ತು. ಗಿರಾಕಿಗಳು ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂರುತ್ತಿದ್ದರು, ಮಾರುವವರೂ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಸೀರೆ ಬಿಡಿಸಿ ತೋರಿಸುತ್ತಿದ್ದರು. ಪಂಚಾಕ್ಷರಿ ಬಂದವನೇ ಗಾದಿ ತೆಗೆಸಿ ಗಾಜಿನ ಕೌಂಟರು ಹಾಕಿಸಿದ. ಈ ಕಡೆ ಗಿರಾಕಿಗಳಿಗೆ ಮೆತ್ತನೆಯ ಸ್ಟೂಲು. ಆ ಕಡೆ ಮಾರುವ ಹೆಂಗಸರಿಗೆ ಬರಿ ನೆಲ. ಶಟರು ಎತ್ತಿದಾಗಿನಿಂದ ಇಳಿಸುವವರೆಗೆ ಅವರು ನಿಂತೇ ಇರಬೇಕು. ಗಿರಾಕಿ ಇರಲಿ, ಬಿಡಲಿ.

ಅವರಲ್ಲಿ ಹಿರಿಯಳು ವಿಶಾಲಾಕ್ಷಿ. ಎಲ್ಲರಿಗೂ ವಿಶಾಲಕ್ಕ. ದಿನಾ ಬೆಳಿಗ್ಗೆ ನನಗೆ ಸೀರೆ ಉಡಿಸುವವಳು ಅವಳೇ. ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಮಂಡಿಯೂರಿ ನೆರಿಗೆ ಹಿಡಿಯುತ್ತ, ನನ್ನ ಜೊತೆ ಮಾತಾಡುತ್ತಿದ್ದಳು.

"ನಿಂಗೇನೇ, ಪುಣ್ಯವಂತೆ. ಎಷ್ಟೊತ್ತು ನಿಂತ್ರೂ ನೋಯಲ್ಲ."

ಅವಳಿಗೆ ನೋಯುತ್ತಿತ್ತು. ಮೀನಖಂಡದಲ್ಲಿ ನರಗಳು ಉಬ್ಬಿ ಹಸಿರು ಹಗ್ಗದ ಹಾಗೆ ಸುತ್ತಿಕೊಂಡಿದ್ದವು. ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ. ಡಾಕ್ಟರು, ನಿಲ್ಲುವುದು ಬಿಡಿ, ಇಲ್ಲವಾದರೆ ಈ ಕೆಲಸ ಬಿಡಿ ಎಂದು ಹೇಳಿಬಿಟ್ಟಿದ್ದರು. ಕೆಲಸ ಬಿಟ್ಟರೆ ಅವಳ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ. ಅದಕ್ಕೆ ಒಂದು ದಿನ ಧೈರ್ಯ ಮಾಡಿ ಕೇಳಿದಳು.

"ಯಜಮಾನ್ರೇ, ಕೌಂಟ್ರು ಈ ಕಡೇಗೂ ಒಂದು ಸ್ಟೂಲು ಹಾಕ್ಸಿಕೊಡಿ. ಗಿರಾಕಿ ಇಲ್ದಾಗ ಒಂದ್ಗಳಿಗೆ ಕೂರ್ತೀನಿ."

"ಅಲ್ಲಮ್ಮ, ಗಿರಾಕಿ ಬಂದಾಗ ನೀವೆಲ್ಲ ಕೂತಿದ್ರೆ ಏನಂದ್ಕೋತಾರೆ? ಈ ಅಂಗಡೀಲಿ ವ್ಯಾಪಾರವೇ ಇಲ್ಲ ಅನ್ನಲ್ವಾ?"

"ನನ್ನ ಕಾಲು ಒಂದ್ಸಲ ನೋಡಿ ಯಜಮಾನ್ರೇ."

"ನಾನೇನು ಡಾಕ್ಟ್ರೇನಮ್ಮ? ನಿಂತ್ಕೊಳ್ಳಿ, ಯಾರೋ ಗಿರಾಕಿ ಬರ್ತಿದಾರೆ."

ಬಂದದ್ದು ಗಿರಾಕಿಯಲ್ಲ, ಪಂಚಾಕ್ಷರಿಯ ಬಾಮೈದ ಲೋಹಿತ. ಎದುರು ಸಾಲಿನಲ್ಲಿ ಹೊಸದಾಗಿ ತೆರೆದ ಅಂಗಡಿಯವರು ಫೋನಿನಲ್ಲಿ ವಿಡಿಯೊ ಬಿಟ್ಟು ಬಿಟ್ಟು ಗಿರಾಕಿಗಳನ್ನೆಲ್ಲ ಎಳೆದುಕೊಂಡಿದ್ದರು. ನಮ್ಮ ಅಂಗಡಿಗೂ ಒಂದು ಪೇಜು ಮಾಡಿ, ದಿನಕ್ಕೊಂದು ವಿಡಿಯೊ ಹಾಕಲು ಲೋಹಿತ ಬಂದಿದ್ದ.

ಮೊದಮೊದಲು ಅವನ ತಲೆ ತುಂಬ ಐಡಿಯಾ. ಸೀರೆ ಮಡಿಸುವುದು, ಸೀರೆ ಬಿಡಿಸುವುದು, ಹೆಂಗಸರೆಲ್ಲ ಸೆರಗು ಬೀಸಿ ಕುಣಿಯುವುದು. ಒಂದು ತಿಂಗಳಲ್ಲಿ ಎಲ್ಲ ಖಾಲಿ. ಆಮೇಲೆ ದಿನಾ ಬೆಳಿಗ್ಗೆ ಹೊಟ್ಟೆನೋವು ಬಂದವನ ಮುಖ ಮಾಡಿಕೊಂಡು ಬರುತ್ತಿದ್ದ.

"ಭಾವ, ಇವತ್ತೇನು ಹಾಕೋಣ?"

"ಅದನ್ನ ಹೇಳಕ್ಕೇ ಅಲ್ವೇನಪ್ಪ ನಿನ್ನ ಕರ್ಸಿರೋದು?"

ಆಗ ಅವನ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಗ್ರಹಚಾರ. ನನಗೆ ಕಪ್ಪು ಕನ್ನಡಕ ಹಾಕಿಸಿದ. ಯಾವನೋ ಬೈಯುವ ದನಿ ನನ್ನ ಬಾಯಿಗೆ ಜೋಡಿಸಿದ. ರೈಲ್ವೆ ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿ, ಮಂದಾರ ಸಿಲ್ಕ್ಸ್ ಸೀರೆ ಉಟ್ಟು ಊರು ಬಿಟ್ಟು ಹೋಗಲಾರದ ಹೆಂಗಸು ಎಂದು ಪ್ಲಾಟ್‌ಫಾರಮ್ಮಿನಲ್ಲಿ ನಿಲ್ಲಿಸಿದ. ಟಿಕೆಟ್ ಕಲೆಕ್ಟರು ನನ್ನ ಹತ್ತಿರ ಬಂದು ಟಿಕೆಟ್ಟು ಕೇಳಿದ. ನಾನು ಮಾತಾಡಲಿಲ್ಲ. ಅವನು ಸಂಜೆಯವರೆಗೆ ವಾದ ಮಾಡಿ, ಸೋತು, ಕೈ ಮುಗಿದು ಹೋದ. ಇದನ್ನೂ ನಾನು ಸಹಿಸಿಕೊಂಡೆ. ಸೀಮಂತವನ್ನು ಮಾತ್ರ ಸಹಿಸಲಾಗಲಿಲ್ಲ.

ಆಷಾಢ. ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಲೋಹಿತ ಓಡಿಕೊಂಡು ಬಂದ.

"ಭಾವ, ಸಿಕ್ತು. ನಮ್ಮ ಬೊಂಬೆಗೆ ಸೀಮಂತ ಮಾಡೋಣ."

ಪಂಚಾಕ್ಷರಿ ಲೆಕ್ಕ ಮಾಡುತ್ತಿದ್ದವನು ತಲೆ ಎತ್ತಿದ. "ಯಾರ್ಗೆ?"

"ಬೊಂಬೆಗೆ. ಹೊಟ್ಟೆಗೊಂದು ದಿಂಬು ಕಟ್ಟಿ, ಹಸಿರು ಸೀರೆ ಉಡ್ಸಿ, ಹಸಿರು ಬಳೆ ತೊಡ್ಸಿ, ಆರತಿ ಎತ್ತೋದು. ಸೀಮಂತದ ಸೀರೆ ಅಂದ್ರೆ ಮಂದಾರ ಅಂತ ಜನಕ್ಕೆ ತಲೇಲಿ ಕೂತ್ಕೋಬೇಕು."

ವಿಶಾಲಕ್ಕ ಮೆಲ್ಲಗೆ ಕೇಳಿದಳು. "ಗಂಡ ಯಾರಪ್ಪ?"

ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದುಕೊಂಡರು. ನನಗೆ ಮೈಯೆಲ್ಲ ಉರಿಯಿತು.

ಕಲ್ಯಾಣ ಮಂಟಪದಿಂದ ಬಾಡಿಗೆಗೆ ಒಂದು ಸಿಂಹಾಸನ ಬಂತು. ಕೆಂಪು ಮಕಮಲ್ಲು, ಎರಡೂ ಕಡೆ ಬಂಗಾರದ ಬಣ್ಣದ ಸಿಂಹ, ಅಡಿಯಲ್ಲಿ ಮುಳುಗುವಷ್ಟು ಮೆತ್ತೆ. ನಾನೋ, ಎಲ್ಲಿಯೂ ಬಗ್ಗದವಳು. ನನ್ನನ್ನು ಹಲಗೆಯ ಹಾಗೆ ಓರೆಯಾಗಿ ಒರಗಿಸಿ, ಹಿಂದಿನಿಂದ ಇಬ್ಬರು ಹಿಡಿದುಕೊಂಡರು. ವಿಶಾಲಕ್ಕ ಆರತಿ ಎತ್ತಬೇಕು, ಬಳೆ ತೊಡಿಸಬೇಕು. ಲೋಹಿತನಿಗೆ ಸರಿ ಬರಲಿಲ್ಲವೆಂದು ಮತ್ತೆ ಮತ್ತೆ ಮಾಡಿಸಿದ. ಬೆಳಿಗ್ಗೆ ಶುರುವಾದ ಸೀಮಂತ ಮಧ್ಯಾಹ್ನ ದಾಟಿತು. ಕೊನೆಯ ಸಲ ಬಳೆ ತೊಡಿಸುವಾಗ ನನ್ನ ಕೈಯೇ ಕಳಚಿ ವಿಶಾಲಕ್ಕನ ಕೈಗೆ ಬಂತು. ಅದನ್ನೂ ಲೋಹಿತ ಬಿಡಲಿಲ್ಲ, ವಿಡಿಯೊಗೆ ಸೇರಿಸಿ ಹಾಕಿದ.

ಎಲ್ಲ ಮುಗಿದ ಮೇಲೆ ನನ್ನನ್ನು ಎತ್ತಿ ಬಾಗಿಲಿಗೆ ನಿಲ್ಲಿಸಿದರು. ಸಿಂಹಾಸನ ಖಾಲಿ ಬಿದ್ದಿತ್ತು. ವಿಶಾಲಕ್ಕ ಅತ್ತ ಇತ್ತ ನೋಡಿ, ಅದರ ತುದಿಯಲ್ಲಿ ಕೂತಳು. ಕಣ್ಣು ಮುಚ್ಚಿಕೊಂಡಳು. ಅವಳ ಮುಖ ಅಷ್ಟು ಸಡಿಲಾದದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

"ಏಳಮ್ಮ, ಏಳು," ಎಂದ ಪಂಚಾಕ್ಷರಿ. "ಬಾಡಿಗೇದು ಅದು. ಗಲೀಜಾದ್ರೆ ಅವ್ರಿಗೆ ಯಾರು ಉತ್ರ ಹೇಳೋದು?"

ಅವಳು ಎದ್ದಳು. ಈ ಅನ್ಯಾಯ ಎಲ್ಲಾದರೂ ಉಂಟೆ? ನೋವಿಲ್ಲದ ಫೈಬರ್ ಕಾಲಿಗೆ ಸಿಂಹಾಸನ, ನೋವಿರುವ ಕಾಲಿಗೆ ನೆಲ. ನನಗೆ ನಾಲಿಗೆ ಇದ್ದಿದ್ದರೆ ಆ ದಿನ ಅರಸೀಕೆರೆಯ ಕೆರೆ ಕುದಿಯುವ ಹಾಗೆ ಬೈಯುತ್ತಿದ್ದೆ.

ಸೀಮಂತದ ವಿಡಿಯೊ ಸಿಕ್ಕಾಪಟ್ಟೆ ಓಡಿತು. ಓಡಿದ್ದೇ ತೊಂದರೆಯಾಯಿತು. ಅದಕ್ಕಿಂತ ಹೊಸದು ಬೇಕು ಎಂದು ಪಂಚಾಕ್ಷರಿ ಪಟ್ಟು ಹಿಡಿದ. ಲೋಹಿತ ಯೋಚಿಸಿ ಯೋಚಿಸಿ ತಲೆಗೂದಲು ಉದುರಿಸಿಕೊಂಡು ಒಂದು ಐಡಿಯಾ ತಂದ. ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ನನ್ನಂತೆಯೇ ಸೀರೆ ಉಟ್ಟು, ಮುಖಕ್ಕೆ ಬಣ್ಣ ಹಚ್ಚಿಕೊಂಡು, ಅಲ್ಲಾಡದೆ ನಿಲ್ಲುವುದು. ಬಂದ ಗಿರಾಕಿ, ಇದರಲ್ಲಿ ಬೊಂಬೆ ಯಾವುದು ಎಂದು ಹೇಳಬೇಕು. ಬೆಳಿಗ್ಗೆಯಿಂದ ಲೈವ್.

"ವಿಶಾಲಕ್ಕ, ನೀವೇ ನಿಂತ್ಕೊಳ್ಳಿ," ಎಂದ.

"ನನ್ನ ಕೈಲಾಗಲ್ಲ ಲೋಹಿತಪ್ಪ. ಅಲ್ಲಾಡ್ತಿದ್ರೂ ಈ ಕಾಲು ತಡೀಯಲ್ಲ."

"ನೀವು ಹೆಂಗೂ ದಿನಾ ನಿಂತೇ ಇರ್ತೀರಲ್ಲ. ಅದನ್ನೇ ಸುಮ್ನೆ ನಿಲ್ಲೋದು ಅಷ್ಟೇ."

ಪಂಚಾಕ್ಷರಿ ಫೋನಿನಿಂದ ತಲೆ ಎತ್ತದೆ ಹೇಳಿದ. "ಕಾಲು ಅಷ್ಟು ನೋಯೋದಾದ್ರೆ ಮನೇಲಿ ಇರಮ್ಮ. ಬೇರೆಯವ್ರು ಸಿಗ್ತಾರೆ."

ವಿಶಾಲಕ್ಕ ನನ್ನ ಪಕ್ಕದ ಪೀಠ ಹತ್ತಿದಳು. ಅಲ್ಲಿಗೆ ಭಾವ ಬಾಮೈದ ಸೇರಿ ನನ್ನ ಕೆಲಸವನ್ನೂ ಕಿತ್ತುಕೊಂಡು ಮನುಷ್ಯಳಿಗೆ ಕೊಟ್ಟಂತಾಯಿತು. ಅವಳು ಉಸಿರು ಹಿಡಿದು ನಿಂತಿದ್ದಳು. ಹಣೆಯ ಬೆವರು ಬಣ್ಣದ ಮೇಲೆ ಗೆರೆ ಎಳೆಯುತ್ತಿತ್ತು. ಕಾಲು ನಡುಗುವುದು ನನ್ನ ಪೀಠಕ್ಕೂ ತಾಗುತ್ತಿತ್ತು.

ಮೊದಲ ಗಿರಾಕಿ ಬಂದಳು. ಬಾಣಾವರದ ಕಡೆಯ ಹಳ್ಳಿಯ ಹೊನ್ನಮ್ಮ ಎಂಬ ಮುದುಕಿ, ಕಂಕುಳಲ್ಲಿ ಬಟ್ಟೆ ಚೀಲ.

"ಬಸುರಿ ಬೊಂಬೆ ಅಂಗಡಿ ಇದೇ ಏನಪ್ಪ? ಮೊಮ್ಮಗಳ ಸೀಮಂತಕ್ಕೆ ಹಸ್ರು ಸೀರೆ ಬೇಕಾಗಿತ್ತು."

ಲೋಹಿತನಿಗೆ ಸ್ವರ್ಗ ಸಿಕ್ಕಿತು. ಫೋನು ಅವಳ ಮುಖಕ್ಕೆ ಹಿಡಿದ. "ಅಜ್ಜಿ, ಮೊದ್ಲು ಹೇಳಿ, ಇವ್ರಿಬ್ರಲ್ಲಿ ಬೊಂಬೆ ಯಾರು?"

ಹೊನ್ನಮ್ಮ ನಮ್ಮ ಮುಖ ನೋಡಲಿಲ್ಲ. ಬಗ್ಗಿದ ಬೆನ್ನು, ಅವಳ ಕಣ್ಣಿಗೆ ಮೊದಲು ಸಿಕ್ಕಿದ್ದು ನಮ್ಮ ಪಾದ. ಒಂದು ಕ್ಷಣ ನೋಡಿದಳು.

"ಇದು ಬೊಂಬೆ. ಅದು ಹೆಂಗ್ಸು."

"ಅರೆ, ಹೆಂಗೆ ಗೊತ್ತಾಯ್ತು ಅಜ್ಜಿ?"

"ಬೊಂಬೆ ಕಾಲು ಊದ್ಕೊಳ್ಳಲ್ಲ ಕಣಪ್ಪ."

ಹೊನ್ನಮ್ಮ ಗಿರಾಕಿಗಳ ಸ್ಟೂಲೊಂದನ್ನು ದರದರ ಎಳೆದು ವಿಶಾಲಕ್ಕನ ಮುಂದೆ ಇಟ್ಟಳು. "ಇಳೀ ತಾಯಿ. ಕೂತ್ಕೊ."

ಪಂಚಾಕ್ಷರಿ ಎದ್ದು ಬಂದ. "ಅಜ್ಜಿ, ಅದು ಗಿರಾಕಿಗಳಿಗೆ ಹಾಕಿರೋದು. ನೀವು ಕೂತ್ಕೊಳ್ಳಿ."

"ನಾನು ಗಿರಾಕಿ ಅಲ್ವಾ? ನಂಗೆ ಹಾಕಿರೋದನ್ನ ಅವ್ಳಿಗೆ ಕೊಟ್ಟೆ. ಅವ್ಳು ಕೂತು ಸೀರೆ ತೋರ್ಸಿದ್ರೆ ನೋಡ್ತೀನಿ. ಇಲ್ದಿದ್ರೆ ಎದುರ್ಗಡೆ ಅಂಗಡಿ ಐತೆ, ಹೋಯ್ತೀನಿ."

"ಇಲ್ಲಿ ಹಂಗೆಲ್ಲ ಪದ್ಧತಿ ಇಲ್ಲ ಅಜ್ಜಿ."

"ಹಂಗಾದ್ರೆ ಬತ್ತೀನಪ್ಪ." ಅವಳು ಚೀಲ ಕಂಕುಳಿಗೆ ಸೇರಿಸಿ ತಿರುಗಿಯೇಬಿಟ್ಟಳು.

ಇಲ್ಲಿ ನೀವು ಒಂದು ಮಾತು ತಿಳಿಯಬೇಕು. ಅದು ಬೋಣಿಗೆಯ ಹೊತ್ತು. ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ಆ ದಿನವೆಲ್ಲ ವ್ಯಾಪಾರವಿಲ್ಲ ಎಂದು ನಂಬುವ ಮನುಷ್ಯ ಪಂಚಾಕ್ಷರಿ. ಬೋಣಿಗೆಯ ಗಿರಾಕಿಗಾಗಿ ಅವನು ನಷ್ಟಕ್ಕಾದರೂ ಮಾರುತ್ತಿದ್ದ. ಮುದುಕಿಯ ಒಂದು ಕಾಲು ಹೊಸಿಲು ದಾಟಿತು. ಅವನು ಹಾರಿದ ರಭಸಕ್ಕೆ ಕೌಂಟರಿನ ಗಾಜು ಅದುರಿತು, ಮೇಲಿನ ಮಾಳಿಗೆಯಲ್ಲಿ ಪಾತ್ರೆ ಉರುಳಿದವು, ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಆ ಸದ್ದನ್ನೇ ಗಾರ್ಡಿನ ಸೀಟಿಯೆಂದುಕೊಂಡು ಮುಂದಕ್ಕೆ ಚಲಿಸಿತು.

"ಬನ್ನಿ ಅಜ್ಜಿ, ಬನ್ನಿ. ವಿಶಾಲಾಕ್ಷಮ್ಮ, ಕೂತ್ಕೊಳಮ್ಮ. ಕೂತೇ ತೋರ್ಸು."

ವಿಶಾಲಕ್ಕ ಪೀಠ ಇಳಿದು ಕೂತಳು. ಹೊನ್ನಮ್ಮ ಇನ್ನೊಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಗಾದಿಯ ಕಾಲದ ಹಾಗೆ ಇಬ್ಬರೂ ತೊಡೆಯ ಮೇಲೆ ಸೀರೆ ಹರಡಿಕೊಂಡು, ಅಂಚು ಸವರುತ್ತ, ಮೊಮ್ಮಗಳಿಗೆ ಎಷ್ಟು ತಿಂಗಳು, ಹುಳಿ ತಿನ್ನುತ್ತಾಳೋ ಇಲ್ಲವೋ ಎಂದು ಮಾತಾಡಿದರು. ಮುದುಕಿ ಒಂದಲ್ಲ, ಎರಡು ಸೀರೆ ಕೊಂಡಳು.

ಲೋಹಿತನ ಫೋನು ಅಷ್ಟು ಹೊತ್ತೂ ತೆರೆದೇ ಇತ್ತು. ಕೆಳಗೆ ಜನ ಬರೆದದ್ದನ್ನು ಅವನು ಓದಿ ಭಾವನಿಗೆ ಹೇಳಿದ. ಬೈಗುಳವೋ ಬೈಗುಳ. ಆದರೆ ಲೋಹಿತ ಎಂಥ ಚಾಲಾಕಿ ನೋಡಿ. ಮಾರನೆಯ ದಿನ ಕೌಂಟರಿನ ಹಿಂದೆ ಒಂದು ಹೊಸ ಕುರ್ಚಿ ಹಾಕಿಸಿ, ಅದರ ಬೆನ್ನಿನ ಮೇಲೆ ಭಾವನ ಕೈ ಇಡಿಸಿ, ಮಂದಾರದಲ್ಲಿ ಕೆಲಸದವರೂ ನಮ್ಮ ಮನೆಯವರೇ ಎಂದು ವಿಡಿಯೊ ಬಿಟ್ಟ. ಬೈದ ಜನವೇ, ಇಂಥ ಯಜಮಾನ ಊರಿಗೊಬ್ಬ ಇರಲಿ ಎಂದು ಹೊಗಳಿದರು. ನನಗೆ ಅಂಟಿಸಿದ ಜಾಗವೆಲ್ಲ ಬಿರಿಯುವಷ್ಟು ಸಿಟ್ಟು ಬಂತು. ಮುದುಕಿ ಕೊಡಿಸಿದ ಕುರ್ಚಿಗೆ ಯಜಮಾನನ ಹೆಸರು.

ಆದರೆ ಅವರೇ ತೋಡಿದ ಗುಂಡಿ ಅದು. ಕುರ್ಚಿ ನೋಡಲೆಂದೇ ಜನ ಬರತೊಡಗಿದರು. ಖಾಲಿ ಕಂಡರೆ, ಎಲ್ಲಿ ಆಯಮ್ಮ, ಬರಿ ವಿಡಿಯೊಗೆ ಮಾತ್ರವಾ ಎಂದು ಕೇಳುವರು. ಪಂಚಾಕ್ಷರಿ ಬಾಗಿಲಲ್ಲಿ ನೆರಳು ಕಂಡರೆ ಸಾಕು, "ಕೂತ್ಕೊಳಮ್ಮ, ಕೂತ್ಕೊ, ಗಿರಾಕಿ ಬರ್ತಿದಾರೆ" ಎಂದು ಅವಸರಪಡಿಸುತ್ತಿದ್ದ.

ಒಂದು ಬೆಳಿಗ್ಗೆ ಲೋಹಿತ ಮತ್ತೆ ಹೊಟ್ಟೆನೋವಿನ ಮುಖದಲ್ಲಿ ಬಂದ. ಕೂತಲ್ಲಿಂದಲೇ ವಿಶಾಲಕ್ಕ ಕರೆದಳು.

"ಲೋಹಿತಪ್ಪ, ಐಡಿಯಾ ಬೇಕೇನು?"

"ಇದ್ರೆ ಹೇಳಿ ಅಕ್ಕ, ಪುಣ್ಯ ಬರುತ್ತೆ."

"ನಮ್ಮ ಮಿಕ್ಕ ಹೆಣ್ಮಕ್ಳಿಗೂ ಒಂದೊಂದು ಕುರ್ಚಿ ಹಾಕ್ಸಿ. ದಿನಾ ಒಬ್ಬೊಬ್ರನ್ನ ಕೂರ್ಸಿ ತೆಗೀರಿ. ಒಂದು ವಾರಕ್ಕಾಗುತ್ತೆ."

ಹಾಕಿಸಿದರು.

ನನಗೆ ಈಗ ವಯಸ್ಸಾಯಿತು. ಸೀಮಂತದಲ್ಲಿ ಕಳಚಿದ ಕೈ ಮತ್ತೆ ಸರಿಯಾಗಿ ಕೂರಲಿಲ್ಲ, ಬೆನ್ನಿನಲ್ಲಿ ಬಿರುಕು. ಹೊಸ ಬೊಂಬೆ ಬಂದ ಮೇಲೆ ನನ್ನನ್ನು ಮೆಟ್ಟಿಲ ಕೆಳಗೆ ಖಾಲಿ ಡಬ್ಬಗಳ ಜೊತೆ ಮಲಗಿಸಿದ್ದಾರೆ. ಮಲಗಿ ಮಲಗಿ ನಾನು ಇದನ್ನೇ ಯೋಚಿಸುತ್ತೇನೆ. ಕುರ್ಚಿ ಬಂದದ್ದು ಬೋಣಿಗೆಯ ಹೆದರಿಕೆಗೆ, ಉಳಿದದ್ದು ವಿಡಿಯೊದ ಆಸೆಗೆ. ಆ ಕಾಲು ನೋಡಿ ಯಜಮಾನನ ಮನಸ್ಸು ಕರಗಿ ಬಂದದ್ದಲ್ಲ. ಇದು ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಮೊನ್ನೆ ವಿಶಾಲಕ್ಕ ಡಬ್ಬ ಹುಡುಕಲು ಬಂದವಳು ನನ್ನ ಮುಖದ ಧೂಳು ಒರೆಸಿದಳು. ನನ್ನ ಮನಸ್ಸಿನಲ್ಲಿದ್ದದ್ದು ಅವಳಿಗೆ ಕೇಳಿಸಿತೋ ಏನೋ. ಒಂದು ಡಬ್ಬವನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಕಾಲು ಉದ್ದಕ್ಕೆ ಚಾಚಿ ಹೇಳಿದಳು.

"ಕುರ್ಚಿ ಯಾಕೆ ಬಂತು ಅಂತ ನಿಂಗ್ಯಾಕೇ ಅಷ್ಟು ಸಿಟ್ಟು? ಕಾಲಿಗೆ ಅದೆಲ್ಲ ಗೊತ್ತಾಗಲ್ಲ."