ನಾಲ್ಕು ಸಾಲಿಗೆ ನಾಲ್ಕು ಮೊಳೆ

"ಯಾವ ಪುಣ್ಯಾತ್ಮನ ಕೈಯಪ್ಪಾ ಇದು?"

ಕೇಳಿದ್ದು ಯಾರನ್ನೂ ಅಲ್ಲ. ಎರಡಂತಸ್ತಿನ ಮನೆಯ ನೆತ್ತಿಯ ಮೇಲೆ, ಗೋಡೆಯಂತೆ ಕಡಿದಾದ ಇಳಿಜಾರಿನಲ್ಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಳಿಯ ಒಬ್ಬನೇ ಇದ್ದ. ಕೈಯಿಟ್ಟದ್ದೇ ತಡ, ಹೆಂಚಿನ ಬದಲು ಹೊದಿಸಿದ್ದ ಡಾಂಬರಿನ ಶಿಂಗಲ್ ಹಾಳೆ ಹಣ್ಣಿನ ಸಿಪ್ಪೆಯಷ್ಟು ಸಲೀಸಾಗಿ ಕಿತ್ತು ಬಂದಿತ್ತು. ಪಕ್ಕದ ಹಾಳೆ ಆಗಲೇ ಗೇಣುದ್ದ ಜಾರಿ ಒಂದೇ ಮೊಳೆಗೆ ಜೋತುಬಿದ್ದಿತ್ತು. ನಿನ್ನೆ ಬೆಳಿಗ್ಗೆ ಇಂಥದ್ದೇ ಒಂದು ಹಾಳೆ ಅಂಗಳಕ್ಕೆ ಬಂದು ಬಿದ್ದಿತ್ತಂತೆ. ಮನೆಯೊಡತಿಯ ಮೊಮ್ಮಗಳು ಕೂತು ಆಡುತ್ತಿದ್ದ ಜಾಗಕ್ಕೂ ಅದಕ್ಕೂ ಮೊಳದ ಅಂತರ. ಹಾಳೆಯ ಅಂಚು ಬಡಿದು ಕುಂಡದ ಗಿಡವೊಂದರ ಕತ್ತು ಮುರಿದಿತ್ತು.

"ಏನಾಯ್ತೋ ಅಳಿಯ?" ಕೆಳಗಿನಿಂದ ಮಾವ ಕೂಗಿ ಕೇಳಿದರು.

ಅಳಿಯ ಎಂದರೆ ಮಗಳ ಗಂಡನಲ್ಲ, ತಂಗಿಯ ಮಗ. ಹದಿನೆಂಟು ವರ್ಷ ಮಾವನ ಹಿಂದೆ ಏಣಿ ಹತ್ತಿದವನು. ಈಗ ಅವನ ಮೀಸೆಯಲ್ಲೂ ಬಿಳಿ ಇಣುಕುತ್ತಿತ್ತು. ಮಾವನ ಕಣ್ಣು ಮಂಜಾಗಿ ಮೂರು ವರ್ಷ. ಆದರೂ ಕೆಲಸದ ದಿನ ಮನೆಯಲ್ಲಿ ಕೂತವರಲ್ಲ. ಗೇಟಿನ ಪಕ್ಕ ಸ್ಟೂಲು ಹಾಕಿಸಿಕೊಂಡು ಸುತ್ತಿಗೆಯ ಸದ್ದಿಗೆ ಕಿವಿಗೊಟ್ಟು ಕೂರುವರು. ಅದು ಸೊಟ್ಟಗಾಯ್ತು, ಇದು ಹಲಗೆ ಹಿಡೀಲಿಲ್ಲ ಎಂದು ಅಲ್ಲಿಂದಲೇ ಹೇಳುವರು. ಒಂದೂ ಸುಳ್ಳಾಗುತ್ತಿರಲಿಲ್ಲ.

"ಯಾರೋ ಭಕ್ತ ಹೊಡೆದಿದ್ದಾನೆ ಮಾವ," ಎಂದ ಅಳಿಯ. "ಮೊಳೆ ಕಡಿಮೆ ಹಾಕಿ ದೇವರ ಮೇಲೆ ಭಾರ ಜಾಸ್ತಿ ಹಾಕಿದ್ದಾನೆ."

ಮಾವ ಭುಜ ಕುಣಿಸಿ ನಕ್ಕರು. "ಅಂಥವನ ಕೈಗೆ ಸುತ್ತಿಗೆ ಕೊಟ್ಟವರ್ಯಾರು? ಸೌಟು ಕೊಟ್ಟಿದ್ರೆ ಸಾರನ್ನಾದ್ರೂ ಕಲಕ್ತಿದ್ದ. ನಲವತ್ತು ವರ್ಷದಲ್ಲಿ ನಮ್ಮ ಕೈಯಿಂದ ಒಂದು ಹಾಳೆ ಜಾರಿದ್ದುಂಟೇನೋ?"

"ಇಲ್ಲ ಮಾವ."

ಕಣ್ಣು ಹೋದ ಮೇಲೆ ಮಾವನ ಬಳಿ ಉಳಿದಿದ್ದ ಆಸ್ತಿ ಅದೊಂದೇ ಮಾತು. ದಿನಕ್ಕೊಮ್ಮೆಯಾದರೂ ಅದನ್ನು ಹೊರತೆಗೆದು ನೇವರಿಸಿ ಒಳಗಿಡುತ್ತಿದ್ದರು.

ಅವರ ಮನೆತನದ ಕೆಲಸಕ್ಕೆ ಒಂದು ಕ್ರಮವಿತ್ತು. ಮಾವನ ಅಪ್ಪ ಕಟ್ಟಿದ ನಾಲ್ಕು ಸಾಲಿನ ಪದವೊಂದಿತ್ತು. ಹಾಳೆಯನ್ನು ಹಾಸಿ, ಪದ ಹೇಳುತ್ತಾ, ಸಾಲು ಮುಗಿದಲ್ಲಿ ಒಂದೊಂದು ಮೊಳೆ:

*ಮೇಲೆ ನೀನಿರು ತಂದೆ,*
*ಕೆಳಗೆ ನಿನ್ನವರಿರಲಿ,*
*ನಡುವೆ ನಾ ಹೊಡೆದದ್ದು*
*ನಿಲ್ಲಲಿ ನಿನ್ನ ದಯದಲಿ.*

ಪದ ಮುಗಿದರೆ ಹಾಳೆ ಮುಗಿಯಿತು. ಮೊಳೆ ಎಣಿಸುವ ಗೋಜಿಲ್ಲ. ಬಾಯಿ ತಪ್ಪದಿದ್ದರೆ ಕೈ ತಪ್ಪದು. ಅಳಿಯ ಕಲಿತದ್ದೂ ಹಾಗೆಯೇ.

ಅಟ್ಟದ ಕಿಟಕಿ ತೆರೆಯಿತು. ಮನೆಯೊಡತಿ ತಲೆ ಹೊರಹಾಕಿದಳು. ಬಟ್ಟೆ ಹೊಲಿಯುವವಳು, ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾವಿನಂತೆ ನೇತಾಡುತ್ತಿತ್ತು. ಒಂದು ಕೈಯಲ್ಲಿ ನಿನ್ನೆ ಬಿದ್ದ ಹಾಳೆ, ಇನ್ನೊಂದರಲ್ಲಿ ಹೊಸ ಹಾಳೆಗಳ ಕಟ್ಟಿಗೆ ಸುತ್ತಿದ್ದ ಹೊದಿಕೆ.

"ಮೇಸ್ತ್ರಿ, ತೂತು ಎಣಿಸೋದು ನನ್ನ ಕಸುಬು ನೋಡಿ. ಈ ಹಾಳೇಲಿ ಇರೋದು ನಾಲ್ಕೇ. ಇಲ್ಲಿ ನೋಡಿದ್ರೆ ಚಿತ್ರ ಹಾಕಿ ತೋರಿಸಿದ್ದಾರೆ. ತಗ್ಗು ಇಳಿಜಾರಿನ ಸೂರಿಗೆ ನಾಲ್ಕು, ಹೀಗೆ ಕಡಿದಾಗಿದ್ರೆ ಆರು. ಅಡಿಗೆ ಡಾಂಬರಿನ ಬೊಟ್ಟೂ ಇಡಬೇಕಂತೆ. ಹೌದಾ?"

ನಾಲ್ಕು ಸಾಕಲ್ವಾ ಎಂಬ ಮಾತು ಅಳಿಯನ ತುಟಿಯವರೆಗೆ ಬಂದು ಅಲ್ಲೇ ಸತ್ತಿತು. ಹದಿನೆಂಟು ವರ್ಷದಲ್ಲಿ ಇಂಥ ಹೊದಿಕೆಗಳನ್ನು ಸಾವಿರಗಟ್ಟಲೆ ಹರಿದು ಎಸೆದಿದ್ದ. ಒಂದನ್ನೂ ಓದಿರಲಿಲ್ಲ. ಈ ಊರಿನ ಸೂರುಗಳು ಬಹುಪಾಲು ತಗ್ಗು, ನಾಲ್ಕು ಮೊಳೆಗೆ ನಿಲ್ಲುತ್ತವೆ. ಆದರೆ ಅವನ ಕೈಯಿಂದಲೇ ಎರಡು ಕಡಿದಾದ ಸೂರುಗಳಾಗಿದ್ದವು. ಅವಕ್ಕೂ ಪದ ಹೇಳಿಯೇ ಹೊಡೆದಿದ್ದ.

"ಹಳೇ ಕೆಲಸ ಯಾರದ್ದಮ್ಮಾ?"

"ಯಾರಿಗೆ ಗೊತ್ತು. ನಾನು ಕೊಂಡುಕೊಳ್ಳೋಕೆ ಮುಂಚಿನದು."

ಅವಳು ಒಳಗೆ ಹೋದಳು. ಅಳಿಯ ತೆವಳಿಕೊಂಡು ಎಡಮೂಲೆಯ ಕೆಳಅಂಚಿಗೆ ಬಂದ. ಕೆಲಸ ಶುರುವಾಗುವ ಜಾಗ ಅದು; ಮಾವ ಮೊದಲ ಹಾಳೆಯ ಅಡಿ ಪದದ ಮೊದಲ ಸಾಲು ಬರೆದಿಡುತ್ತಿದ್ದದ್ದೂ ಅಲ್ಲೇ. ಮೊದಲ ಹಾಳೆಯನ್ನು ಮೆಲ್ಲಗೆ ಎಬ್ಬಿಸಿದ. ಅಡಿಯ ಹಲಗೆಗೆ ಹೊದಿಸಿದ್ದ ಕರಿಕಾಗದದ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬರೆದದ್ದು, ಬೆಳಕು ಕಾಣದೆ ಇನ್ನೂ ನಿಚ್ಚಳವಾಗಿಯೇ ಇತ್ತು: *ಮೇಲೆ ನೀನಿರು ತಂದೆ*. ಕೊನೆಯ ಅಕ್ಷರದ ತಲೆಯನ್ನು ಕುಡುಗೋಲಿನಂತೆ ಬಾಗಿಸುವ ಮಾವನ ಆ ಕೈಯನ್ನು ಅವನು ಕತ್ತಲಲ್ಲಿ ಮುಟ್ಟಿದರೂ ಗುರುತಿಸುತ್ತಿದ್ದ.

ಒರೆಸಿಬಿಡೋಣವೆಂದು ಹೆಬ್ಬೆರಳು ಚಾಚಿದ. ದೇವರ ಮಾತನ್ನು ಒರೆಸಲು ಬೆರಳು ಒಪ್ಪಲಿಲ್ಲ. ಹಾಳೆಯನ್ನು ಮತ್ತೆ ಮುಚ್ಚಿದ. ಹೇಳುವುದು ಬೇಡ. ಎಲ್ಲ ಕಿತ್ತು ಹೊಸದು ಹಾಕಿದರಾಯಿತು, ಮಾವನ ಮಾತು ಮಾವನ ಹತ್ತಿರವೇ ಇರಲಿ ಎಂದುಕೊಂಡ.

ಸದ್ಯಕ್ಕೆ ನಿನ್ನೆ ಹಾಳೆ ಬಿದ್ದುಹೋದ ಜಾಗದಲ್ಲಿ ಹೊಸ ಹಾಳೆ ಹಾಸಿ, ಅಡಿಗೆ ಡಾಂಬರಿನ ಬೊಟ್ಟಿಟ್ಟು, ಸುತ್ತಿಗೆ ಎತ್ತಿದ. ಒಂದು. ಎರಡು. ಮೂರು. ನಾಲ್ಕು. ಐದು. ಆರು.

"ಅಳಿಯ," ಎಂದರು ಮಾವ. "ಪದ ಮುಗಿದ ಮೇಲೂ ಎರಡು ಬಿತ್ತಲ್ಲೋ."

ಆ ಕಿವಿಯೊಂದನ್ನು ಅವನು ಮರೆತೇಬಿಟ್ಟಿದ್ದ.

"ಕಡಿದಾದ ಸೂರು ಮಾವ. ಆರು ಹೊಡೀಬೇಕಂತೆ. ಕಟ್ಟಿನ ಮೇಲೆ ಅಚ್ಚಾಗಿದೆ."

"ಯಾವತ್ತಿಂದ?"

"ಮೊದಲಿಂದಾನೂ ಇತ್ತೇನೋ. ನಾವು ಓದಲಿಲ್ಲ."

ಬೀದಿಯಲ್ಲೊಂದು ಸೈಕಲ್ ಗಂಟೆ ಬಾರಿಸಿ ಹೋಯಿತು.

"ಆ ಭಕ್ತ ಎಷ್ಟು ಹೊಡೆದಿದ್ದ?"

ಅಳಿಯ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಏಣಿಯ ಕಡೆ ತೆವಳಿದ. ಹಳೆಯದೇನೋ ನೆನಪಾದವರಂತೆ ಮಾವ ಬಾಗಿಲ ಕಡೆ ತಿರುಗಿದರು. "ಅಮ್ಮಾ, ಈ ಮನೆ ಹಿಂದೆ ಬಾವಿ ಇತ್ತಾ?"

"ಇತ್ತು. ನಾನೇ ಮುಚ್ಚಿಸಿದೆ," ಎನ್ನುತ್ತಾ ಹೊಲಿಗೆಯವಳು ಮೊಮ್ಮಗಳನ್ನು ಎತ್ತಿಕೊಂಡು ಹೊರಬಂದಳು.

"ಅಟ್ಟದ ಕಿಟಕಿ ದುಂಡಗಿದೆಯಾ?"

"ದುಂಡಗೇ ಇದೆ. ನಿಮಗೆ ಹೇಗೆ ಗೊತ್ತು?"

ಅಳಿಯ ಎರಡೆರಡು ಮೆಟ್ಟಿಲು ಬಿಟ್ಟು ಇಳಿದ. ಮಾವನ ಕೈಗಳು ಮಂಡಿಯ ಮೇಲೆ ಏನನ್ನೋ ಹೊಡೆಯುತ್ತಿದ್ದವು, ನಾಲ್ಕು ಸಲ, ಮತ್ತೆ ನಾಲ್ಕು ಸಲ.

"ಮೊದಲ ಹಾಳೆಯ ಅಡಿ ನೋಡಿದೆಯಾ?"

ಸುಳ್ಳು ಹೇಳಬಹುದಿತ್ತು. ಆದರೆ ಸೊಟ್ಟ ಮೊಳೆಯನ್ನು ಸದ್ದಿನಲ್ಲೇ ಹಿಡಿಯುವವರ ಮುಂದೆ ಸೊಟ್ಟ ಮಾತು ಎಲ್ಲಿ ನಿಂತೀತು?

"ನೋಡಿದೆ. ಇದೆ ಮಾವ."

ಮಾವನ ಕೈ ನಿಂತಿತು. ಹೊಲಿಗೆಯವಳ ದಿಕ್ಕಿಗೆ ಕೈಜೋಡಿಸಿದರು.

"ಅಮ್ಮಾ, ಅದು ನನ್ನ ಕೈ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೊಮ್ಮಗಳ ತಲೆಯ ಮೇಲೆ ತನ್ನ ಅಂಗೈ ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು, ಹಾಳೆ ಈಗ ಬೀಳುತ್ತದೆ ಎಂಬಂತೆ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅಳಿಯನಿಗೆ.

"ಇನ್ನೆಷ್ಟಿವೆಯೋ ಹೀಗೆ?" ಎಂದರು ಮಾವ.

"ನಂದು ಎರಡು. ನಿಮ್ಮದು ನೀವು ನೆನಪು ಮಾಡಿ ಹೇಳಿ. ಈ ಕೆಲಸ ಮುಗಿಸಿ ಒಂದೊಂದಾಗಿ ಹೋಗ್ತೀನಿ."

ಮಾವ ಎದ್ದರು. ಗೋಡೆ ತಡವುತ್ತಾ ಬಂದು ಏಣಿಯನ್ನು ಹಿಡಿದರು. ಹಿಡಿದ ಕೂಡಲೇ ಹಳೆಯ ಅಭ್ಯಾಸದಿಂದ ಬಲಗಾಲು ಮೊದಲ ಮೆಟ್ಟಿಲು ಹುಡುಕಿತು.

"ಹಗ್ಗ ಕಟ್ಟು ನಂಗೆ. ಆ ಮೊದಲ ಹಾಳೆಗೆ ನಾನು ಬಿಟ್ಟ ಎರಡು ಮೊಳೆ ನಾನೇ ಹೊಡೀಬೇಕು. ಎರಡೇ ಎರಡು ಕಣೋ. ಆಮೇಲೆ ಸುತ್ತಿಗೆ ಮುಟ್ಟಲ್ಲ. ಮೇಲೆ ಹತ್ತಿಸು."

ಅಳಿಯ ಮೇಲೆ ನೋಡಿದ. ನಾಲ್ಕು ನಾಲ್ಕು ಮೊಳೆಯ ಹಾಳೆಗಳು ಸಾಲುಸಾಲಾಗಿ, ಯಾವುದು ಯಾವಾಗ ಜಾರುವುದೋ ತಿಳಿಯದೆ, ಬಿಸಿಲಿಗೆ ಮಿನುಗುತ್ತಿದ್ದವು. ಹದಿನೆಂಟು ವರ್ಷದಲ್ಲಿ ಮಾವನ ಯಾವ ಮಾತನ್ನೂ ಅವನು ತೆಗೆದುಹಾಕಿರಲಿಲ್ಲ. ಮೆಟ್ಟಿಲ ಮೇಲಿದ್ದ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕಿಳಿಸಿ, ಏಣಿಗೆ ಬೆನ್ನು ಕೊಟ್ಟು ನಿಂತ.

"ಇಲ್ಲ ಮಾವ," ಎಂದ. "ಹತ್ತಿಸಲ್ಲ."