ಭಾನುಮತಿ ಹೂಂಗುಟ್ಟಿದ್ದು

೧
ಈ ಕಥೆಯನ್ನು ಹೇಗೆ ಶುರು ಮಾಡಲಿ? ‘ವಾ’ ಎನ್ನಲೇ, ‘ಐಯಾ’ ಎನ್ನಲೇ? ಎರಡೂ ಕ್ಯಾಂಟನೀಸ್ ಉದ್ಗಾರಗಳು. ನೈರೋಬಿಯ ಹೈರಿಡ್ಜ್ ಬಡಾವಣೆಯಲ್ಲಿ ಭಾನುಮತಿ ಇವನ್ನು ಒಗ್ಗರಣೆ ಹಾಕುತ್ತಲೇ ಬಾಯಿಪಾಠ ಮಾಡುತ್ತಿದ್ದಾಳೆ. ಇದು ೨೦೧೬. ಮಗಳು ಪ್ರಣತಿ ಹಾಂಗ್‌ಕಾಂಗ್‌ನ ಹುಡುಗ ಕಿನ್‌ಮಿಂಗ್‌ನನ್ನು ಒಪ್ಪಿದ್ದಾಳೆ. ಇವತ್ತು ಸ್ಕೈಪಿನಲ್ಲಿ ಬೀಗಿತ್ತಿಯ ಮೊದಲ ದರ್ಶನ. ಆಕೆಗೆ ಕ್ಯಾಂಟನೀಸ್ ಬಿಟ್ಟು ಬೇರೆ ಬಾರದು. ತಾನು ಗೊಂಬೆಯ ಹಾಗೆ ಕೂತರೆ ನಾಳೆ ಮಗಳನ್ನು ಆ ಮನೆಯಲ್ಲಿ ಯಾರು ಹಚ್ಚಿಕೊಳ್ಳುತ್ತಾರೆ? ಭಾನುಮತಿಗೆ ಅದೊಂದೇ ಭಯ.

೨
“ವರ್ಡ್ಸ್ ಬೇಡ ಅಮ್ಮಾ, ಜಸ್ಟ್ ಸೌಂಡ್ಸ್,” ಎಂದಳು ಪ್ರಣತಿ. “ಸರ್ಪ್ರೈಸ್ ಆದ್ರೆ ವಾ. ಸ್ಯಾಡ್ ಆದ್ರೆ ಐಯಾ. ‘ಹೌದಾ?’ ಅನ್ನೋಕೆ ಹೈ ಮೇ. ‘ಆಮೇಲೆ?’ ಅನ್ನೋಕೆ ಗನ್‌ಜ್ಯೂ ನೇ. ದಟ್ಸ್ ಆಲ್.”

“ಇಷ್ಟೇನಾ? ನಮ್ಮಜ್ಜಿ ಕಥೆಗೆ ಹೂಂಗುಟ್ಟಿ ಬೆಳೆದೋಳು ಕಣೇ ನಾನು!”

(ಇಲ್ಲಿ ಉದ್ಗಾರಗಳ ಭಾಷಾಶಾಸ್ತ್ರದ ಬಗ್ಗೆ ಒಂದು ಪುಟ ಬರೆದಿದ್ದೆ. ಹರಿದು ಹಾಕಿದೆ. ನೀವು ಬಚಾವ್.)

೩
ಬೀಗಿತ್ತಿ ತೆರೆಯ ಮೇಲೆ ಬಂದು ಏನೋ ಹೇಳಿದರು. ಭಾನುಮತಿ “ವಾ!” ಎಂದಳು. ಇನ್ನೇನೋ ಹೇಳಿದರು. “ಹೈ ಮೇ?” ರಾಗ ಎಷ್ಟು ಹದವಾಗಿ ಬಂತೆಂದರೆ, ಬೀಗಿತ್ತಿ ಕುರ್ಚಿ ಮುಂದಕ್ಕೆಳೆದುಕೊಂಡು ಶುರು ಹಚ್ಚಿಕೊಂಡರು. ಅಲ್ಲಿ ತಾಯಿಯ ಪಕ್ಕದಲ್ಲಿದ್ದ ಕಿನ್‌ಮಿಂಗ್‌ಗೆ ಅನುವಾದಿಸಲು ಸಂದೇ ಸಿಗಲಿಲ್ಲ. ಪ್ರಣತಿ ಉಗುರು ಕಚ್ಚುತ್ತಾ ನಿಂತಳು.

೪
ಆಕೆ ಹೇಳಿದ್ದೇನೆಂದು ನಾನೇ ಊಹಿಸಬೇಕಾಯಿತು. ಮುಕ್ತಾಯ ಒಂದು: ಭಾನುಮತಿ ವಾ ಎಂದದ್ದು ಇಡಿಯಾಗಿ ಹುರಿದ ಹಂದಿಗೆ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಅದನ್ನು ಕಳಿಸುವುದು ಅವರಲ್ಲಿ ಮರ್ಯಾದೆ. ಬೆಳ್ಳುಳ್ಳಿ ಕೂಡ ಸೇರದ ಅಡುಗೆಮನೆಯ ಬಾಗಿಲಿಗೆ ಹಂದಿ ಬಂದು...

“ಕಾಟು ಹೊಡೀರಿ ಅದನ್ನ!” ಭಾನುಮತಿ ನನ್ನ ಮೇಲೇ ಜೋರು ಮಾಡಿದಳು. “ಬೇಕಾದ್ರೆ ನೀವೇ ತಿನ್ನಿ!”

ಮುಕ್ತಾಯ ಎರಡು: ಬೀಗಿತ್ತಿ ಆರು ತಿಂಗಳು ಇಲ್ಲೇ ಬಂದಿರುತ್ತೇನೆಂದರು, ಈಕೆ ವಾ ಎಂದಳು.

“ಬರ್ಲಿ ಬಿಡಿ, ರೂಮಿದೆ.” ಅಲ್ಲಿಗೆ ಅದರ ಸ್ವಾರಸ್ಯವೂ ಹೋಯಿತು.

೫
ಅಷ್ಟರಲ್ಲಿ ಬೀಗಿತ್ತಿ ಮಾತು ನಿಲ್ಲಿಸಿದರು. ಕಣ್ಣು ತುಂಬಿ ಬಂದಿತ್ತು. ವಾ ಸಲ್ಲದು, ಐಯಾ ಸಾಲದು. ಕಲಿತದ್ದೆಲ್ಲ ಮರೆತುಹೋಗಿ ಭಾನುಮತಿಯ ಗಂಟಲಿನಿಂದ ಮೆಲ್ಲಗೆ “ಹ್ಞೂಂ” ಎಂದು ಬಂತು.

ಬೀಗಿತ್ತಿ ಮೂಗೊರೆಸಿಕೊಂಡು ನಕ್ಕರು, ಮತ್ತೆ ಮುಂದುವರಿಸಿದರು. ಭಾನುಮತಿಯ ಭಯ ಹಾರಿಹೋಯಿತು. ನನಗೂ ಸಂತೋಷವಾಯಿತು, ಮುಚ್ಚಿಡುವುದೇಕೆ?

ಆದರೆ ಆಕೆ ಹೇಳಿದ್ದೇನೆಂದು ತಿಳಿಯದೆ ಕಥೆ ಮುಗಿಸುವುದು ಹೇಗೆ? ಕಿನ್‌ಮಿಂಗ್‌ನನ್ನೇ ಕೇಳೋಣವೆಂದು ಬಾಯಿ ತೆರೆದೆ.

“ಶ್!” ಎಂದಳು ಭಾನುಮತಿ. “ಅವ್ರಿನ್ನೂ ಹೇಳ್ತಾ ಇದಾರೆ. ನೀವೂ ಹ್ಞೂಂ ಅನ್ನಿ.”